ಟಾಕೋ ಬೌಲ್‌ಗೆ ಆಲೂಗಡ್ಡೆ: ಯಾವುದು ಮೊದಲು, ಯಾವುದು ಕೊನೆಗೆ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಹತ್ತಿರ ಇದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆ ಸೇರುವಾಗ ಸಂಜೆ ಆರೂಕಾಲು. ಏಳೂವರೆಗೆ ಮಕ್ಕಳನ್ನು ಈಜು ಕ್ಲಾಸಿಗೆ ಬಿಡಬೇಕು. ಮಕ್ಕಳಿಬ್ಬರಿಗೂ ಆಲೂಗಡ್ಡೆ ಹಾಕಿದ ಟಾಕೋ ಬೌಲ್, ಅಂದರೆ ಮಸಾಲೆ ಕೀಮಾ, ಕಾಳು, ತರಕಾರಿ, ಚೀಸ್ ಎಲ್ಲ ಒಂದೇ ಬಟ್ಟಲಲ್ಲಿ ಬಡಿಸುವ ಮೆಕ್ಸಿಕನ್ ಶೈಲಿಯ ಊಟ, ತುಂಬಾ ಇಷ್ಟ. ನಾನು ಮೊದಲು ಕೀಮಾ ಒಲೆಗಿಟ್ಟು, ಅದು ಬೇಯುವಷ್ಟರಲ್ಲಿ ಆಲೂಗಡ್ಡೆ ಹೆಚ್ಚಿ ಓವನ್‌ಗೆ ಹಾಕುತ್ತೇನೆ. ಒಟ್ಟು ಒಂದೂಕಾಲು ಗಂಟೆ ಹಿಡಿಯುತ್ತೆ. ಇಷ್ಟಾದರೂ ಗಡ್ಡೆ ಒಂದೋ ಮೆತ್ತಗೆ, ಇಲ್ಲಾ ಹೊರಗೆ ಕರಟಿ ಒಳಗೆ ಗಟ್ಟಿ. ಒಂದು ಸಲ ಸಮಯ ಉಳಿಸೋಣ ಅಂತ ಹಸಿ ಆಲೂಗಡ್ಡೆಯನ್ನು ಟೊಮೆಟೊ ಸಾಲ್ಸಾ (ಹುಳಿ ಖಾರದ ಮೆಕ್ಸಿಕನ್ ಚಟ್ನಿ) ಜತೆ ಒಂದೇ ಬಾಣಲೆಯಲ್ಲಿ ಬೇಯಲಿಟ್ಟೆ. ಮುಕ್ಕಾಲು ಗಂಟೆಯಾದರೂ ಬೇಯಲಿಲ್ಲ. ಪ್ಯಾಕೆಟ್ ಮಸಾಲೆ ಹಾಕಿದರೆ ಬರೀ ಉಪ್ಪು. ಈಗ ಹಾಸನದಿಂದ ಅತ್ತೆ ಬಂದಿದ್ದಾರೆ, ಆರು ತಿಂಗಳು ಇರುತ್ತಾರೆ. ಅವರು ಸಸ್ಯಾಹಾರಿ, ಗಟ್ಟಿ ಪದಾರ್ಥ ಅಗಿಯೋದು ಕಷ್ಟ. ಮಕ್ಕಳಿಗೆ ಚಿಕನ್ ಕೀಮಾನೇ ಬೇಕು. ಎಲ್ಲರಿಗೂ ಹೊಂದುವ ಹಾಗೆ, ಏಳು ಗಂಟೆಯೊಳಗೆ ಮುಗಿಯುವ ಹಾಗೆ ಮಾಡೋದು ಹೇಗೆ? ಭಾನುವಾರವೇ ಆಲೂಗಡ್ಡೆ ಬೇಯಿಸಿ ಇಡಬಹುದಾ?

ಉತ್ತರ: ನಿಮ್ಮ ಕೈ ನಿಧಾನ ಅಂತ ನನಗೆ ಅನ್ನಿಸಲಿಲ್ಲ. ಕೆಲಸದ ಸರದಿ ತಿರುಗುಮುರುಗಾಗಿದೆ, ಅಷ್ಟೇ. ಕೀಮಾ ಹತ್ತು ಹನ್ನೆರಡು ನಿಮಿಷದಲ್ಲಿ ಆಗುತ್ತೆ. ಡಬ್ಬಿಯ ಕಾಳಿಗೆ ಎಂಟು ನಿಮಿಷ ಸಾಕು. ಸೊಪ್ಪು, ಟೊಮೆಟೊ, ಈರುಳ್ಳಿ ಹೆಚ್ಚೋಕೆ ಇನ್ನೊಂದು ಹತ್ತು ನಿಮಿಷ. ಆದರೆ ಆಲೂಗಡ್ಡೆಗೆ ಮಾತ್ರ ಮುಕ್ಕಾಲು ಗಂಟೆ ಬೇಕೇ ಬೇಕು. ನೀವು ಅದನ್ನೇ ಕೊನೆಗೆ ಶುರು ಮಾಡುತ್ತಿದ್ದೀರಿ. ಅದಕ್ಕೇ ಎಲ್ಲ ಸಿದ್ಧವಾದ ಮೇಲೂ ಓವನ್ ಮುಂದೆ ಕಾಯುತ್ತಾ ನಿಲ್ಲಬೇಕಾಗಿದೆ.

ಟೆಕ್ಸಾಸ್‌ನದೇ ಆಸ್ಟಿನ್‌ನಲ್ಲಿ ನಾನು ಅಡುಗೆ ಹೇಳಿಕೊಡುವಾಗ ಹೊಸಬರಿಗೆ ಮೊದಲು ಹೇಳುವುದು ಇದನ್ನೇ. ಬಾಗಿಲು ತೆಗೆದು ಒಳಗೆ ಬಂದ ಕೂಡಲೇ ಓವನ್ ಹಚ್ಚಿ, ಬ್ಯಾಗ್ ಆಮೇಲೆ ಇಟ್ಟರಾಯಿತು. 425 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 220 ಸೆಲ್ಸಿಯಸ್. ಖಾಲಿ ಟ್ರೇ ಒಳಗೇ ಇರಲಿ, ಅದೂ ಕಾಯಬೇಕು. ಕಾವಲಿ ಕಾಯದೆ ದೋಸೆ ಹುಯ್ದರೆ ಅಂಟಿಕೊಳ್ಳುತ್ತೆ, ಅಲ್ವಾ? ತಣ್ಣನೆಯ ಟ್ರೇ ಮೇಲೆ ಆಲೂಗಡ್ಡೆ ಹಾಕಿದರೂ ಅದೇ ಕಥೆ. ಓವನ್ ಹಚ್ಚಿದ ಕೈಯಲ್ಲೇ ಎಲೆಕ್ಟ್ರಿಕ್ ಕೆಟಲ್‌ನಲ್ಲಿ ನೀರು ಕಾಯಲಿಡಿ.

ನಿಮ್ಮ ಮನೆಯ ಐದು ಜನಕ್ಕೆ 2 ಪೌಂಡ್, ಅಂದರೆ ಸುಮಾರು 900 ಗ್ರಾಂ ಆಲೂಗಡ್ಡೆ ಸಾಕು. ಸಿಪ್ಪೆ ತೆಗೆಯಬೇಡಿ, ಚೆನ್ನಾಗಿ ತಿಕ್ಕಿ ತೊಳೆದರೆ ಆಯಿತು. ನಿಮ್ಮ ಕಡೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮೂರು ಬಗೆ. ಕಂದು ಸಿಪ್ಪೆಯ ರಸೆಟ್‌ನಲ್ಲಿ ಹಿಟ್ಟಿನ ಅಂಶ ಜಾಸ್ತಿ. ಹೊರಗೆ ಗರಿಗರಿ, ಒಳಗೆ ಹಗುರ ಬೇಕಿದ್ದರೆ ಇದೇ ಸರಿ. ಹಳದಿ ತಿರುಳಿನ ಯುಕಾನ್ ಗೋಲ್ಡ್ ಬೆಣ್ಣೆಯ ಹಾಗೆ ಇರುತ್ತೆ, ಬೇಗ ಒಡೆಯುವುದಿಲ್ಲ. ಇದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ತಳಿ, 1980ರಲ್ಲಿ ಹೊರಬಂತು. ಬೌಲ್‌ಗೆ ನನ್ನ ಆಯ್ಕೆ ಇದೇ. ರಸೆಟ್‌ನಷ್ಟು ಗರಿಗರಿ ಬರದಿದ್ದರೂ ಕಾಳಿನ ರಸ ತಾಗಿದಾಗ ಕರಗಿಹೋಗುವುದಿಲ್ಲ. ಕೆಂಪು ಸಿಪ್ಪೆಯ ಸಣ್ಣ ಗಡ್ಡೆ ಸಾಗುವಿಗೆ ಚೆನ್ನ, ಇಲ್ಲಿಗೆ ಬೇಡ.

ಮುಕ್ಕಾಲು ಇಂಚಿನ ಚೌಕ ಹೋಳು ಮಾಡಿ. ಎಲ್ಲ ಒಂದೇ ಅಳತೆ ಇರಲಿ. ಅವಸರದಲ್ಲಿ ದಪ್ಪ ಒಂದು, ತೆಳು ಒಂದು ಅಂತ ಹೆಚ್ಚಿದರೆ ತೆಳುವಿನದು ಕರಟುವ ಹೊತ್ತಿಗೆ ದಪ್ಪದ್ದು ಇನ್ನೂ ಗಟ್ಟಿ ಇರುತ್ತೆ. ನಿಮಗೆ ಆಗುತ್ತಿರುವ ತೊಂದರೆಯಲ್ಲಿ ಅರ್ಧ ಇದೇ ಇರಬೇಕು.

ಇನ್ನರ್ಧ ಬಹುಶಃ ಫ್ರಿಜ್‌ನದು. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡುತ್ತಿದ್ದೀರಾ? ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಆ ಚಳಿಗೆ ಗಡ್ಡೆಯೊಳಗಿನ ಪಿಷ್ಟ ನಿಧಾನವಾಗಿ ಸಕ್ಕರೆಯಾಗುತ್ತೆ. ಸಕ್ಕರೆ ಜಾಸ್ತಿಯಾದ ಗಡ್ಡೆ ಓವನ್‌ನಲ್ಲಿ ಬೇಗ ಕಪ್ಪಾಗುತ್ತೆ, ಒಳಗೆ ಬೆಂದಿರುವುದಿಲ್ಲ. ಹಾಗೆ ಕಪ್ಪಾದಾಗ ಅಕ್ರಿಲಮೈಡ್ ಎಂಬ ಒಳ್ಳೆಯದಲ್ಲದ ಪದಾರ್ಥವೂ ಹೆಚ್ಚು ಹುಟ್ಟುತ್ತೆ. ಗಡ್ಡೆಗೆ ಬೇಕಾಗಿರುವುದು ಕತ್ತಲೆ, ಗಾಳಿ, ಸ್ವಲ್ಪ ತಂಪು. ನಿಮ್ಮ ಅತ್ತೆ ಆಲೂಗಡ್ಡೆ ಬೆಳೆಯುವ ಸೀಮೆಯಿಂದ ಬಂದವರು. ಗಡ್ಡೆ ಇಡುವ ಜಾಗವನ್ನು ಅವರಿಗೇ ಆರಿಸೋಕೆ ಹೇಳಿ. ಹಸಿರು ಬಣ್ಣಕ್ಕೆ ತಿರುಗಿದ ಗಡ್ಡೆಯನ್ನಂತೂ ಬಳಸಲೇಬೇಡಿ.

ಈಗ ಗರಿಗರಿ ಮಾಡುವ ಕೆಲಸ. ದೊಡ್ಡ ಪಾತ್ರೆಯಲ್ಲಿ ಎರಡು ಲೀಟರ್ ಕುದಿಯುವ ನೀರು, ಒಂದು ದೊಡ್ಡ ಚಮಚ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ. ಹೋಳು ಹಾಕಿ, ಮತ್ತೆ ಕುದಿ ಬಂದ ಮೇಲೆ ಆರು ನಿಮಿಷ ಬಿಡಿ. ಚಾಕುವಿನ ತುದಿ ಒಳಗೆ ಹೋಗಬೇಕು, ಆದರೆ ಹೋಳು ಒಡೆಯಬಾರದು. ನೀರು ಬಸಿದು ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ. ಎರಡು ನಿಮಿಷ ಹಬೆ ಹೋಗಲಿ. ಈ ಎರಡು ನಿಮಿಷವನ್ನು ಯಾರೂ ಕಾಯುವುದಿಲ್ಲ, ಅದಕ್ಕೇ ಗಡ್ಡೆ ಮೆತ್ತಗಾಗುತ್ತೆ. ಹೋಳಿನ ಮೇಲೆ ನೀರಿದ್ದರೆ ಓವನ್‌ನ ಕಾವೆಲ್ಲ ಅದನ್ನು ಆರಿಸೋದಕ್ಕೇ ಹೋಗುತ್ತೆ. ಅಲ್ಲಿವರೆಗೂ ಗಡ್ಡೆ ಹಬೆಯಲ್ಲಿ ಬೇಯುತ್ತಾ ಇರುತ್ತೆ, ಕೆಂಪಾಗುವುದಿಲ್ಲ. ಹಬೆ ಹೋದ ಮೇಲೆ ಮೂರು ದೊಡ್ಡ ಚಮಚ ಎಣ್ಣೆ ಹಾಕಿ, ಮುಚ್ಚಳ ಹಿಡಿದು ಪಾತ್ರೆಯನ್ನು ಜೋರಾಗಿ ಕುಲುಕಿ. ಅಂಚುಗಳು ಸವೆದು ಹೋಳಿನ ಮೇಲೆಲ್ಲ ಹಿಟ್ಟು ಮೆತ್ತಿದ ಹಾಗೆ ಕಾಣಬೇಕು. ಆ ಹಿಟ್ಟಿನ ಪದರವೇ ಆಮೇಲೆ ಗರಿಗರಿ ಸಿಪ್ಪೆಯಾಗುವುದು.

ಸೋಡಾ ಯಾಕೆ ಅಂತ ಕೇಳಬಹುದು. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಸೋಡಾದ ಕ್ಷಾರಕ್ಕೆ ಅದು ಬೇಗ ಸಡಿಲವಾಗುತ್ತೆ. ಹೋಳಿನ ಮೇಲ್ಮೈ ಮಾತ್ರ ಕರಗಿ ಹಿಟ್ಟಾಗುತ್ತೆ, ಒಳಗಿನದು ಹಾಗೇ ಇರುತ್ತೆ. ಅರ್ಧ ಚಮಚಕ್ಕಿಂತ ಜಾಸ್ತಿ ಬೇಡ, ಸೋಪಿನ ರುಚಿ ಬರುತ್ತೆ.

ಇದೇ ಪೆಕ್ಟಿನ್ ಹುಳಿ ತಾಗಿದರೆ ಬಿಗಿಯಾಗುತ್ತೆ. ಸಾಲ್ಸಾದಲ್ಲಿ ಮುಕ್ಕಾಲು ಗಂಟೆ ಇಟ್ಟರೂ ನಿಮ್ಮ ಗಡ್ಡೆ ಬೇಯದೇ ಇದ್ದದ್ದು ಇದಕ್ಕೇ. ಟೊಮೆಟೊ, ನಿಂಬೆರಸ ಎರಡೂ ಹುಳಿ. ಬೇಳೆ ಬೇಯುವ ಮುಂಚೆ ಹುಣಸೆಹಣ್ಣು ಹಾಕಬಾರದು ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹೊಸ ಹೆಸರಿನ ಅಡುಗೆ ಮಾಡುವಾಗ ಮಾತ್ರ ಅದೇ ತಿಳಿವಳಿಕೆಯನ್ನು ಪಕ್ಕಕ್ಕಿಟ್ಟುಬಿಡುತ್ತೇವೆ. ಸಾರಿಗೆ ಯಾವ ಸರದಿಯೋ ಇದಕ್ಕೂ ಅದೇ ಸರದಿ: ಮೊದಲು ಬೇಯಲಿ, ಆಮೇಲೆ ಹುಳಿ.

ಬಿಸಿ ಟ್ರೇ ಮೇಲೆ ಹೋಳುಗಳನ್ನು ಹರಡಿ. ಒಂದರ ಮೇಲೊಂದು ಬೀಳಬಾರದು, ನಡುವೆ ಜಾಗ ಇರಲಿ. ಒಂದು ಟ್ರೇ ಸಾಲದಿದ್ದರೆ ಎರಡು ಬಳಸಿ. ಹದಿನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಒಂದು ಸಲ ಮಗುಚಿ ಇನ್ನೊಂದು ಎಂಟು ಹತ್ತು ನಿಮಿಷ. ಏರ್ ಫ್ರೈಯರ್ ಇದ್ದರೆ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ ಸಾಕು. ಆದರೆ ಒಂದು ಸಲಕ್ಕೆ ಒಂದು ಪೌಂಡ್‌ಗಿಂತ ಜಾಸ್ತಿ ತುಂಬಿದರೆ ಮತ್ತೆ ಹಬೆಯೇ. ಐದು ಜನಕ್ಕೆ ಓವನ್ನೇ ವಾಸಿ.

ಗಡ್ಡೆ ಓವನ್‌ನೊಳಗೆ ಹೋದ ಮೇಲೆ ಮಸಾಲೆ ಕಡೆ ಬನ್ನಿ. ಒಂದು ಔನ್ಸ್‌ನ ಪ್ಯಾಕೆಟ್‌ನ ಹಿಂಭಾಗ ಓದಿ ನೋಡಿ. ಮೆಣಸಿನಕಾಯಿ, ಜೀರಿಗೆಯ ಪಕ್ಕದಲ್ಲೇ ಉಪ್ಪು, ಪಿಷ್ಟದ ಪುಡಿ ಇರುತ್ತವೆ. ಉಪ್ಪು ನಿಮ್ಮ ಕೈಯಲ್ಲಿ ಇಲ್ಲದಿರುವುದೇ ಅದರ ತೊಂದರೆ. ಮನೆಯಲ್ಲಿ ಮಾಡಿಕೊಂಡರೆ ಐದು ನಿಮಿಷದ ಕೆಲಸ, ಎರಡು ಸಲದ ಅಡುಗೆಗೆ ಆಗುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದ ಪಾಕವಿಧಾನದಲ್ಲಿ ಎರಡು ದೊಡ್ಡ ಚಮಚ ಚಿಲಿ ಪೌಡರ್ ಅಂತ ಇದ್ದರೆ ಅದು ನಮ್ಮ ಖಾರದ ಪುಡಿ ಅಂದುಕೊಳ್ಳಬೇಡಿ. ನಿಮ್ಮ ಟೆಕ್ಸಾಸ್‌ನ ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗರು 1890ರ ದಶಕದಲ್ಲಿ ಒಣಮೆಣಸಿನ ಪುಡಿ ಮಾಡಿ ಮಾರಲು ಶುರು ಮಾಡಿದರು. ಅಮೆರಿಕದಲ್ಲಿ ಚಿಲಿ ಪೌಡರ್ ಅಂತ ಇವತ್ತು ಮಾರುವುದು ಕಡಿಮೆ ಖಾರದ ಮೆಣಸಿನಕಾಯಿ, ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಸೇರಿದ ಮಿಶ್ರಣ. ನಮ್ಮದು ಬರೀ ಮೆಣಸಿನಕಾಯಿ. ಗುಂಟೂರು ಖಾರದ ಪುಡಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ಮಕ್ಕಳು ತಿನ್ನುವುದೇ ಇಲ್ಲ.

ಇದಕ್ಕೆ ಸರಿಯಾಗಿ ಹೊಂದುವುದು ನಮ್ಮ ಹಾವೇರಿ ಕಡೆಯ ಬ್ಯಾಡಗಿ. ಬಣ್ಣ ಜಾಸ್ತಿ, ಖಾರ ಕಡಿಮೆ, ಒಂದು ಸಣ್ಣ ಸಿಹಿಯ ವಾಸನೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಗುರುತೂ ಸಿಕ್ಕಿತು. ಮೆಕ್ಸಿಕೋದವರು ಗ್ವಾಹಿಯೋ ಎಂಬ ಒಣಮೆಣಸಿನಕಾಯಿಯಿಂದ ತರುವ ಕೆಂಪನ್ನು ನಾನು ವರ್ಷಗಳಿಂದ ಬ್ಯಾಡಗಿಯಿಂದಲೇ ತರುತ್ತಿದ್ದೇನೆ. ಅತ್ತೆ ಊರಿಂದ ಪುಡಿ ತಂದಿದ್ದರೆ ಅದನ್ನೇ ಬಳಸಿ. ನಾಲ್ಕು ದೊಡ್ಡ ಚಮಚ ಬ್ಯಾಡಗಿ ಪುಡಿ, ಎರಡು ದೊಡ್ಡ ಚಮಚ ಹುರಿದ ಜೀರಿಗೆ ಪುಡಿ, ಒಂದು ದೊಡ್ಡ ಚಮಚ ಒರೆಗಾನೊ, ಎರಡು ಟೀ ಚಮಚ ಬೆಳ್ಳುಳ್ಳಿ ಪುಡಿ, ಒಂದು ಟೀ ಚಮಚ ಕಾಳುಮೆಣಸಿನ ಪುಡಿ. ಉಪ್ಪು ಹಾಕಬೇಡಿ. ಬಾಟಲಿಯಲ್ಲಿ ತುಂಬಿಡಿ.

ಒರೆಗಾನೊ ಬಗ್ಗೆ ಒಂದು ಮಾತು, ನನಗೆ ಬಹಳ ಇಷ್ಟವಾದ ವಿಷಯ ಇದು. ಪಿಜ್ಜಾ ಮೇಲೆ ಉದುರಿಸುವ ಒರೆಗಾನೊ ಬೇರೆ, ಮೆಕ್ಸಿಕನ್ ಒರೆಗಾನೊ ಬೇರೆ. ಗಿಡವೇ ಬೇರೆ, ವಾಸನೆ ಇನ್ನೂ ಚುರುಕು. ನಿಮ್ಮ ಊರಿನ ಮೆಕ್ಸಿಕನ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತೆ. ಸಿಗದ ದಿನ ನಾನು ದೊಡ್ಡಪತ್ರೆಯ ಎರಡು ಎಲೆ ಸಣ್ಣಗೆ ಹೆಚ್ಚಿ ಹಾಕುತ್ತೇನೆ. ನಾವು ತಂಬುಳಿ ಮಾಡುವ ಅದೇ ದೊಡ್ಡಪತ್ರೆಯನ್ನು ಇಲ್ಲಿನ ನರ್ಸರಿಗಳಲ್ಲಿ ಕ್ಯೂಬನ್ ಒರೆಗಾನೊ ಅಂತ ಮಾರುತ್ತಾರೆ. ಎರಡರ ವಾಸನೆಯೂ ಬಹಳ ಹತ್ತಿರ. ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೆ ಸಾಕು, ಚಳಿಗಾಲದಲ್ಲಿ ಮಾತ್ರ ಮನೆಯೊಳಗೆ ತನ್ನಿ. ಹಿಮ ತಾಗಿದರೆ ಉಳಿಯುವುದಿಲ್ಲ.

ಇನ್ನು ಬಾಣಲೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಒಂದು ದೊಡ್ಡ ಈರುಳ್ಳಿ ಬಾಡಿಸಿ. ಉರಿ ಸಣ್ಣ ಮಾಡಿ, ಮೂರು ದೊಡ್ಡ ಚಮಚ ಮಸಾಲೆಯನ್ನು ನೇರವಾಗಿ ಎಣ್ಣೆಗೇ ಹಾಕಿ, ಅರ್ಧ ನಿಮಿಷ ಕೈಯಾಡಿಸಿ. ಪ್ಯಾಕೆಟ್ ಮೇಲೆ ಮಾಂಸ ಬೆಂದ ಮೇಲೆ ನೀರಿನ ಜತೆ ಮಸಾಲೆ ಹಾಕಿ ಅಂತ ಬರೆದಿರುತ್ತಾರೆ. ಹಾಗೆ ಮಾಡಿದರೆ ಹಸಿ ವಾಸನೆ ಹೋಗುವುದಿಲ್ಲ. ಮೆಣಸಿನಕಾಯಿಯ ಬಣ್ಣ, ಜೀರಿಗೆಯ ಪರಿಮಳ ಬಿಡುವುದು ಎಣ್ಣೆಯಲ್ಲಿ. ಒಗ್ಗರಣೆ ಹಾಕಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪುಡಿ ಸೀಯುವ ಮುಂಚೆ ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್, ಒಂದು ಲೋಟ ನೀರು, ಒಂದು ಟೀ ಚಮಚ ಉಪ್ಪು. ಗೊಜ್ಜಿನ ಹದ ಬೇಕಿದ್ದರೆ ಒಂದು ಚಮಚ ಕಾರ್ನ್ ಫ್ಲೋರ್ ಕದಡಿ ಹಾಕಿ. ನಾವು ಊರಲ್ಲಿ ಕಾರ್ನ್ ಫ್ಲೋರ್ ಅನ್ನುವ ಬಿಳಿ ಪುಡಿಗೆ ಅಮೆರಿಕದಲ್ಲಿ ಕಾರ್ನ್ ಸ್ಟಾರ್ಚ್ ಅಂತ ಹೆಸರು. ಆ ಡಬ್ಬಿಯನ್ನೇ ತೆಗೆದುಕೊಳ್ಳಿ.

ಈ ಗೊಜ್ಜು ಒಂದೇ, ಬಾಣಲೆ ಎರಡು. ಎಲ್ಲರಿಗೂ ಹೊಂದುವ ದಾರಿ ಇದು. ಮೊದಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೇರೆ ಪಾತ್ರೆಗೆ ತೆಗೆದು, ಅದರಲ್ಲಿ ಕಪ್ಪು ಬೀನ್ಸ್ ಹಾಕಿ. 15 ಔನ್ಸ್‌ನ ಎರಡು ಡಬ್ಬಿ, ನೀರು ಬಸಿದು ಚೆನ್ನಾಗಿ ತೊಳೆದರೆ ಉಪ್ಪು ಎಷ್ಟೋ ಕಡಿಮೆಯಾಗುತ್ತೆ. ಸೌಟಿನ ಹಿಂಭಾಗದಿಂದ ಕಾಲು ಭಾಗ ಮಸೆಯಿರಿ, ರಸ ತಾನಾಗಿ ಗಟ್ಟಿಯಾಗುತ್ತೆ. ಉಳಿದ ಗೊಜ್ಜಿಗೆ ಮುಕ್ಕಾಲು ಪೌಂಡ್ ಚಿಕನ್ ಕೀಮಾ. ಉಂಡೆ ಒಡೆದು ಎಂಟು ಹತ್ತು ನಿಮಿಷ ಬೇಯಿಸಿ. ಥರ್ಮಾಮೀಟರ್ ಇದ್ದರೆ 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಎರಡಕ್ಕೂ ಬೇರೆ ಬೇರೆ ಸೌಟು ಇರಲಿ, ಅತ್ತೆಯ ಮನಸ್ಸಿಗೂ ಸಮಾಧಾನ. ನಿಜ ಹೇಳಬೇಕೆಂದರೆ ಆಲೂಗಡ್ಡೆ ಜತೆ ನನಗೆ ಹೆಚ್ಚು ರುಚಿಸುವುದು ಕಾಳೇ. ಮಕ್ಕಳಿಗೂ ಎರಡನ್ನೂ ಬಡಿಸಿ ನೋಡಿ.

ಸಸ್ಯಾಹಾರಿಗಳಿಗಾಗಿ ಡಬ್ಬಿಯ ಮೇಲಿನ ಅಕ್ಷರ ಓದಲೇಬೇಕು. ರೀಫ್ರೈಡ್ ಬೀನ್ಸ್ ಅಂತ ಸಿಗುವ ಮಸೆದ ಕಾಳಿನಲ್ಲಿ ಕೆಲವು ಸಲ ಹಂದಿ ಕೊಬ್ಬು ಇರುತ್ತೆ. ಚಪಾತಿಯಂಥ ಗೋಧಿ ಟೋರ್ಟಿಯಾದಲ್ಲೂ ಇರಬಹುದು. ಚೀಸ್ ಮಾಡೋಕೆ ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದೂ ಆಗಿರಬಹುದು. ವೆಜಿಟೇರಿಯನ್ ರೆನೆಟ್ ಅಥವಾ ಮೈಕ್ರೋಬಿಯಲ್ ರೆನೆಟ್ ಅಂತ ಬರೆದಿದ್ದರೆ ಅತ್ತೆಗೆ ಕೊಡಬಹುದು.

ಡಬ್ಬಿ ಬಿಟ್ಟು ಒಣ ಕಾಳನ್ನೇ ಬಳಸುವುದಾದರೆ ರಾತ್ರಿ ನೆನೆಸಿ, ನೀರು ಚೆಲ್ಲಿ, ಕುಕ್ಕರ್‌ನಲ್ಲಿ ಬೇಯಿಸಿ. ರಾಜ್ಮಾವನ್ನು ಮಾತ್ರ ಹಸಿಯಾಗಿ ಸ್ಲೋ ಕುಕ್ಕರ್‌ಗೆ ಹಾಕಬೇಡಿ. ಅದರಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇರುತ್ತೆ. ಕನಿಷ್ಠ ಹತ್ತು ನಿಮಿಷ ಜೋರಾಗಿ ಕುದ್ದರೆ ಮಾತ್ರ ಅದು ಹೋಗುತ್ತೆ. ಸ್ಲೋ ಕುಕ್ಕರ್ ಅಷ್ಟು ಬಿಸಿಯಾಗದೇ ಇರಬಹುದು.

ಈಗ ಭಾನುವಾರದ ಪ್ರಶ್ನೆ. ಖಂಡಿತ ಇಡಬಹುದು, ಇಡಲೇಬೇಕು ಅಂತಲೇ ಹೇಳುತ್ತೇನೆ. ಸೋಡಾ ನೀರಿನಲ್ಲಿ ಬೇಯಿಸಿ, ಹಬೆ ಹೋಗಿ, ಕುಲುಕಿದ ಹೋಳುಗಳನ್ನು ತಟ್ಟೆಯಲ್ಲಿ ಹರಡಿ ಆರಲು ಬಿಡಿ. ಎರಡು ಗಂಟೆಯೊಳಗೆ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸಿ. ಮೂರು ದಿನ ಚೆನ್ನಾಗಿರುತ್ತೆ. ಫ್ರಿಜ್ ಬೇಡ ಎಂದದ್ದು ಹಸಿ ಗಡ್ಡೆಗೆ. ಬೆಂದ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುವ ಕೆಲಸ ನಿಂತುಹೋಗಿರುತ್ತೆ. ಫ್ರಿಜ್‌ನಲ್ಲಿ ಮೇಲ್ಮೈ ಇನ್ನಷ್ಟು ಒಣಗುವುದರಿಂದ ಮರುದಿನ ಗರಿ ಹೆಚ್ಚೇ ಬರುತ್ತೆ. ಸೋಮವಾರ ಸಂಜೆ ಓವನ್ ಕಾದ ತಕ್ಷಣ ಸೀದಾ ಟ್ರೇಗೆ. ಆರೂವರೆಗೆ ಒಳಗೆ ಹೋದರೆ ಏಳಕ್ಕೆ ಐದು ನಿಮಿಷ ಇರುವಾಗ ಹೊರಗೆ. ಭಾನುವಾರ ಏನೂ ಮಾಡಿಟ್ಟಿಲ್ಲದ ದಿನ ಏಳು ದಾಟಿ ಒಂದೆರಡು ನಿಮಿಷ ಆಗಬಹುದು, ಅಷ್ಟೇ.

ಆದರೆ ಇಡೀ ಗಡ್ಡೆಯನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಸುಟ್ಟು, ಹಾಗೇ ಅಡುಗೆಕಟ್ಟೆಯ ಮೇಲೆ ಬಿಟ್ಟು ಮರುದಿನ ಬಳಸಬೇಡಿ. 1994ರಲ್ಲಿ ನಿಮ್ಮದೇ ರಾಜ್ಯದ ಎಲ್ ಪಾಸೋದಲ್ಲಿ ಹೀಗೆ ಹೊರಗೆ ಇಟ್ಟಿದ್ದ ಗಡ್ಡೆಯಿಂದ ಮಾಡಿದ ಚಟ್ನಿಯಂಥ ಪದಾರ್ಥ ತಿಂದು 30 ಜನಕ್ಕೆ ಬಾಟ್ಯುಲಿಸಂ ಆಯಿತು. ನರಗಳನ್ನೇ ಹಿಡಿಯುವ ವಿಷ ಅದು. ಮಣ್ಣಿನಲ್ಲಿರುವ ಆ ಸೂಕ್ಷ್ಮಜೀವಿಯ ಬೀಜಕಣಗಳು ಓವನ್‌ನ ಬಿಸಿಗೂ ಸಾಯುವುದಿಲ್ಲ. ಫಾಯಿಲ್ ಒಳಗೆ ಗಾಳಿ ಇಲ್ಲ, ತೇವ ಇದೆ, ಕೋಣೆಯ ಕಾವಿದೆ. ಅವು ಬೆಳೆಯೋಕೆ ಇಷ್ಟು ಸಾಕು. ಫಾಯಿಲ್ ಬಿಚ್ಚಿ, ಆರಿಸಿ, ಫ್ರಿಜ್‌ನಲ್ಲಿಟ್ಟರೆ ಭಯವಿಲ್ಲ.

ಬಡಿಸುವ ಸರದಿಯಲ್ಲೂ ಗಡ್ಡೆಯ ಮರ್ಯಾದೆ ಕಾಯಬೇಕು. ಬಟ್ಟಲಿನ ಒಂದು ಬದಿಗೆ ಬಿಸಿ ಆಲೂಗಡ್ಡೆ, ಅದರ ಮೇಲೆ ತುರಿದ ಚೀಸ್. ಕರಗಿದ ಚೀಸ್ ಗಡ್ಡೆಗೆ ಹೊದಿಕೆಯ ಹಾಗೆ ಇರುತ್ತೆ, ರಸ ಬೇಗ ಇಳಿಯುವುದಿಲ್ಲ. ಕಾಳು ಅಥವಾ ಕೀಮಾ ಪಕ್ಕಕ್ಕೆ, ಮೇಲೆ ಅಲ್ಲ. ಹೆಚ್ಚಿದ ಟೊಮೆಟೊಗೆ ಉಪ್ಪು ಹಾಕಿ ಹತ್ತು ನಿಮಿಷ ಜಾಲರಿಯಲ್ಲಿಟ್ಟರೆ ನೀರು ಇಳಿದುಹೋಗುತ್ತೆ. ಆಮೇಲೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆರಸ. ಸೋರ್ ಕ್ರೀಮ್ ಇಲ್ಲದಿದ್ದರೆ ಗಟ್ಟಿ ಮೊಸರಿಗೆ ಚಿಟಿಕೆ ಉಪ್ಪು, ಎರಡು ಹನಿ ನಿಂಬೆ ಸಾಕು. ಬೆಣ್ಣೆಹಣ್ಣಿನ ಹೋಳು, ತೆಳ್ಳಗೆ ಹೆಚ್ಚಿದ ಲೆಟಿಸ್, ಕೊನೆಗೆ ಸ್ವಲ್ಪ ಮುಸುಕಿನ ಜೋಳದ ಚಿಪ್ಸ್ ಪುಡಿಮಾಡಿ ಉದುರಿಸಿ. ಹಣ್ಣುಮೆಣಸಿನಕಾಯಿ ಬಣ್ಣದ ಗಡ್ಡೆ ಬೇಕು ಅಂತ ಮಕ್ಕಳು ಕೇಳಿದರೆ, ಟ್ರೇ ಓವನ್‌ನಿಂದ ಹೊರಬಂದ ಕೂಡಲೇ ಒಂದು ಚಮಚ ಮಸಾಲೆಯನ್ನು ಬಿಸಿ ಹೋಳಿನ ಮೇಲೆ ಉದುರಿಸಿ. ಮೊದಲೇ ಹಾಕಿದರೆ ಸೀದುಹೋಗುತ್ತೆ.

ಅತ್ತೆಯ ಪಾಲನ್ನು ಓವನ್‌ಗೆ ಕಳಿಸಬೇಡಿ. ಅವರಿಗೆ ಬೇಕಾದಷ್ಟು ಹೋಳನ್ನು ಕುದಿಯುವ ನೀರಲ್ಲೇ ಇನ್ನೂ ನಾಲ್ಕು ನಿಮಿಷ ಬಿಟ್ಟು, ಬಸಿದು, ಕೈಯಿಂದ ಒರಟಾಗಿ ಮಸೆದು, ಮಸಾಲೆ ಗೊಜ್ಜಿನ ಕಾಳು ಮೇಲೆ ಹಾಕಿ, ಒಂದು ಚಮಚ ತುಪ್ಪ. ಮೇಲೆ ಮೊಸರು, ಕೊತ್ತಂಬರಿ. ಅಗಿಯುವ ಕಷ್ಟ ಇಲ್ಲ, ರುಚಿ ಎಲ್ಲರದ್ದೇ. ಇದು ಮೆಕ್ಸಿಕೋಗೂ ದೂರದ್ದಲ್ಲ. ಮಸೆದ ಆಲೂಗಡ್ಡೆಯನ್ನು ಜೋಳದ ಟೋರ್ಟಿಯಾದಲ್ಲಿ ತುಂಬಿದ ಟಾಕೋ ದೆ ಪಾಪಾ ಅಲ್ಲಿನ ಮನೆಗಳಲ್ಲಿ ದಿನನಿತ್ಯದ ಊಟ. ಕೀಮಾ, ಜೀರಿಗೆ, ಹಳದಿ ಚೀಸ್ ಸೇರಿಸಿ ಬಟ್ಟಲಿಗೆ ಹಾಕಿದ್ದು ಗಡಿಯ ಈಚೆ ಬದಿಯವರು.

ಗಡ್ಡೆ ಉಳಿದರೆ ಬಿಸಾಡಬೇಡಿ. ಬೆಳಿಗ್ಗೆ ಸ್ವಲ್ಪ ಎಣ್ಣೆಯಲ್ಲಿ ಬಿಸಿ ಮಾಡಿ, ಮಕ್ಕಳಿಗೆ ಮೊಟ್ಟೆ ಒಡೆದು ಹಾಕಿ ಟೋರ್ಟಿಯಾದಲ್ಲಿ ಸುತ್ತಿ ಕೊಡಿ. ಆಸ್ಟಿನ್, ಸ್ಯಾನ್ ಆಂಟೋನಿಯೋದಲ್ಲಿ ಜನ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಿನ್ನುವ ಬೆಳಗಿನ ಟಾಕೋ ಇದೇ. ಅತ್ತೆಗೆ ಅದೇ ಗಡ್ಡೆ, ಉಳಿದ ಕಾಳು, ಬಿಸಿ ಚಪಾತಿ.